ಬಿಲ್ಲುಬೇಟೆಗೆ ಟ್ರೀ ಸ್ಯಾಡಲ್: ಆಯ್ಕೆಯಿಂದ ನವೆಂಬರ್ ಚಳಿಯವರೆಗಿನ ಕೆಲಸದ ಲಾಗ್

ಮಿಷಿಗನ್‌ನಲ್ಲಿ ಬಿಲ್ಲುಬೇಟೆ ಅಕ್ಟೋಬರ್ 1ಕ್ಕೆ ಶುರುವಾಗಿ ನವೆಂಬರ್ 14ಕ್ಕೆ ನಿಲ್ಲುತ್ತದೆ. ನಡುವೆ ಬಂದೂಕಿನ ಹದಿನಾರು ದಿನ, ಆಮೇಲೆ ಡಿಸೆಂಬರ್ 1ರಿಂದ ಮತ್ತೆ ಬಿಲ್ಲು. ಸರ್ಕಾರಿ ಕಾಡಿನಲ್ಲಿ ತೊಗಟೆ ದಾಟಿ ಒಳಗಿಳಿಯುವ ಮೊಳೆ, ತಿರುಪಿನ ಮೆಟ್ಟಿಲು ಹಾಕುವಂತಿಲ್ಲ. ಹೀಗಾಗಿ ಕತ್ತಲಲ್ಲಿ ಹೊತ್ತುಕೊಂಡು ಹೋಗಿ, ಮರಕ್ಕೆ ಪಟ್ಟಿ ಹಾಕಿ ಕಟ್ಟಿ, ಸಂಜೆ ಬಿಚ್ಚಿಕೊಂಡು ಬರುವ ಸಾಮಾನು ಬೇಕು. ಅಂಥ ಸಾಮಾನಿನಲ್ಲಿ ಅಟ್ಟಣೆಗಿಂತ ಸ್ಯಾಡಲ್ ವಾಸಿ ಅನ್ನುವವರ ಪೈಕಿ ನಾನೂ ಒಬ್ಬ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಆದ್ದರಿಂದ ಇದು ಅಮೆರಿಕದಲ್ಲಿದ್ದು, ಲೈಸೆನ್ಸ್ ತೆಗೆದುಕೊಂಡು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವ ಕನ್ನಡಿಗರಿಗಾಗಿ ಬರೆದದ್ದು.

ಸ್ಯಾಡಲ್ ಗೊತ್ತಿಲ್ಲದವರಿಗೆ: ಶಿರಸಿ, ಸಾಗರದ ಕಡೆ ಕೊನೆಗೌಡ ಅಡಿಕೆ ಮರದ ತುದಿಯಲ್ಲಿ ಪುಟ್ಟ ಮಣೆ ಕಟ್ಟಿಕೊಂಡು ಮರಕ್ಕೆ ಎದುರಾಗಿ ಕೂರುತ್ತಾನಲ್ಲ, ಹೆಚ್ಚುಕಡಿಮೆ ಅದೇ ಭಂಗಿ. ಮಣೆಯ ಬದಲು ಪೃಷ್ಠ ಮತ್ತು ತೊಡೆಯ ಮೇಲ್ಭಾಗವನ್ನು ಹಿಡಿಯುವ ಅಗಲ ಪಟ್ಟಿ ಇರುತ್ತದೆ. ಆ ಪಟ್ಟಿಯ ಎಡಬಲದ ಕುಣಿಕೆಗಳ ನಡುವೆ ಮುಂದುಗಡೆ ಹಾಯುವ ಹಗ್ಗ ಬ್ರಿಡ್ಜ್. ಮರಕ್ಕೆ ಸುತ್ತುವ ಹಗ್ಗ ಟೆದರ್. ಎರಡನ್ನೂ ಕ್ಯಾರಬೀನರ್ ಎಂಬ ಲೋಹದ ಕೊಂಡಿ ಸೇರಿಸುತ್ತದೆ. ಮೊಣಕಾಲು ಕಾಂಡಕ್ಕೆ ಆನಿಸಿ ಕೂರಬಹುದು, ಇಲ್ಲವೇ ಮರಕ್ಕೆ ಕಟ್ಟಿದ ಪುಟ್ಟ ಹಲಗೆಯಂಥ ಪ್ಲಾಟ್‌ಫಾರ್ಮ್ ಮೇಲೆ ಕಾಲೂರಿ ಹಿಂದಕ್ಕೆ ವಾಲಿ ನಿಲ್ಲಬಹುದು. ಜಿಂಕೆ ಬಂದಾಗ ಕಾಂಡವೇ ಮರೆ.

ಇಲ್ಲಿನ ಅಳತೆಗಳೆಲ್ಲ 5 ಅಡಿ 8 ಇಂಚು ಎತ್ತರ, 170 ಪೌಂಡ್ ತೂಕದ ಬಲಗೈ ಬಿಲ್ಲುಗಾರನಿಗೆ ಹೊಂದಿಸಿದವು. ನಿಮ್ಮದು ಬೇರೆ ಬರುತ್ತದೆ. ಅಳೆಯುವ ಕ್ರಮ ಮಾತ್ರ ಇದೇ.

ಹಂತ 1. ಜುಲೈ: ಮೊದಲು ತಕ್ಕಡಿ, ಆಮೇಲೆ ಅಂಗಡಿ

ಸ್ಯಾಡಲ್ ಕೊಳ್ಳುವವರು ಸ್ಯಾಡಲ್ಲಿನ ತೂಕವನ್ನಷ್ಟೇ ನೋಡುತ್ತಾರೆ. ಹೆಗಲ ಮೇಲೆ ಬರುವುದು ಇಡೀ ಗಂಟು. ತೂಗಿದ ಲೆಕ್ಕ: ಬ್ರಿಡ್ಜ್ ಸಮೇತ ಎರಡು ಪ್ಯಾನೆಲ್ಲಿನ ಸ್ಯಾಡಲ್ 2.25 ಪೌಂಡ್. ಟೆದರ್, ಹತ್ತುವಾಗ ಮರ ಸುತ್ತಿ ಹಿಡಿಯುವ ಲೈನ್‌ಮನ್ ಹಗ್ಗ, ಲೋಹದ ಸಾಮಾನು 2.5. ಪ್ಲಾಟ್‌ಫಾರ್ಮ್ 3.5. ಹತ್ತಲು ಕಾಂಡಕ್ಕೆ ಕಟ್ಟುವ ಮೆಟ್ಟಿಲುಗೋಲು, ಅಂದರೆ ಸ್ಟಿಕ್, ನಾಲ್ಕು, ಒಂದೊಂದು 2 ಪೌಂಡ್, ಒಟ್ಟು 8. ಮಂಡಿ ಪ್ಯಾಡ್ ಮತ್ತು ಬೆನ್ನುಪಟ್ಟಿ 1.25. ಎಲ್ಲ ಸೇರಿ 17.5 ಪೌಂಡ್.

ಈ ಪಟ್ಟಿ ನೋಡಿದ ಮೇಲೆ ಆಯ್ಕೆ ಸುಲಭವಾಯಿತು. ತೀರಾ ಹಗುರವಾದ ಒಂದು ಪ್ಯಾನೆಲ್ಲಿನ ಸ್ಯಾಡಲ್‌ಗೂ ಆರಾಮಾಗಿ ಕೂರುವ ಎರಡು ಪ್ಯಾನೆಲ್ಲಿನದಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ಪೌಂಡ್. ಒಂದು ಸ್ಟಿಕ್ ಬಿಟ್ಟರೆ ಎರಡು ಪೌಂಡ್ ಉಳಿಯುತ್ತದೆ. ನಾಲ್ಕನೆಯ ಸ್ಟಿಕ್ ತೆಗೆದು, ಉಳಿದ ಮೂರರ ಕೆಳಗೆ ಸಿಕ್ಕಿಸಲು ನಾಲ್ಕು ಔನ್ಸಿನ ಒಂದು ಪಟ್ಟಿಮೆಟ್ಟಿಲು ಹಾಕಿದೆ. ಗಂಟು 15.75 ಪೌಂಡ್‌ಗೆ ಇಳಿಯಿತು, ಎತ್ತರ ಹದಿನಾರು ಅಡಿಯಷ್ಟು ಸಿಗುತ್ತದೆ. ಓಡಾಟಕ್ಕೆ ಬೇಕಾದ ಹಗುರ ಸ್ಟಿಕ್ಕಿನಲ್ಲಿ ಸಿಗುವಾಗ ಕೂರುವ ಪಟ್ಟಿಯಲ್ಲಿ ಅದನ್ನು ಹಿಂಡುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಖರ್ಚು: ಸ್ಯಾಡಲ್ 240 ಡಾಲರ್, ಎರಡು ಹಗ್ಗ 110, ಪ್ಲಾಟ್‌ಫಾರ್ಮ್ 150, ಸ್ಟಿಕ್ಕುಗಳು 260, ಹಗ್ಗದ ಮೇಲೆ ಜಾರಿ ಕಚ್ಚುವ ಅಸೆಂಡರ್ 55, ಬೆನ್ನುಪಟ್ಟಿ 40, ಮಂಡಿ ಪ್ಯಾಡ್ 30, ಕ್ಯಾರಬೀನರ್ ಎರಡಕ್ಕೆ 30. ಒಟ್ಟು 915. ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಟಿಕ್ಕು, ಪ್ಲಾಟ್‌ಫಾರ್ಮ್ ಕೊಳ್ಳಬಹುದು, ಅಲ್ಯೂಮಿನಿಯಂ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಕಣ್ಣಲ್ಲೇ ನೋಡಬಹುದು. ಸ್ಯಾಡಲ್ ಮತ್ತು ಹಗ್ಗವನ್ನು ಹಳೆಯದು ಕೊಳ್ಳಬೇಡಿ. ಬಿಸಿಲಿಗೆ ಎಷ್ಟು ದಿನ ಬಿದ್ದಿತ್ತು, ಯಾವಾಗ ಜಗ್ಗಿತು ಅನ್ನುವುದು ನೂಲಿನಲ್ಲಿ ಕಾಣುವುದಿಲ್ಲ.

ಹಂತ 2. ಒಂದು ಪ್ಯಾನೆಲ್ಲೋ ಎರಡೋ

ಒಂದೇ ಪ್ಯಾನೆಲ್ ಇದ್ದರೆ ತೊಟ್ಟುಕೊಂಡೇ ನಡೆಯಬಹುದು, ಮಡಚಿದರೆ ಮುಷ್ಟಿಯೊಳಗೆ ಬರುತ್ತದೆ, ಕತ್ತಲಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬ ಗೊಂದಲ ಇಲ್ಲ. ಹೆಚ್ಚು ಹೊತ್ತು ವಾಲಿ ನಿಲ್ಲುವವರಿಗೆ ಅದೇ ಸಾಕು, ಅವರ ಭಾರದಲ್ಲಿ ದೊಡ್ಡ ಪಾಲು ಕಾಲಿನ ಮೇಲಿರುತ್ತದೆ. ಕೂರುವವರಿಗೆ ತೊಂದರೆ. ಕೂತಾಗ ಭಾರವೆಲ್ಲ ಒಂದೇ ಪಟ್ಟಿಗೆ ಬಿದ್ದು, ಅದು ಮೇಲೆ ಸರಿದರೆ ಸೊಂಟ ಕೊರೆಯುತ್ತದೆ, ಕೆಳಗೆ ಸರಿದರೆ ತೊಡೆಯ ಹಿಂಭಾಗ ಜೋಮು ಹಿಡಿಯುತ್ತದೆ.

ಎರಡು ಪ್ಯಾನೆಲ್ಲಿನದರಲ್ಲಿ ಮೇಲಿನದು ಸೊಂಟಕ್ಕೆ, ಕೆಳಗಿನದು ತೊಡೆಗೆ. ಎರಡನ್ನೂ ಬಿಡಿಸಿ ಅಗಲಿಸಿದರೆ ಕುರ್ಚಿಗೆ ಹತ್ತಿರದ ಹಿತ. ಆದರೆ ದಪ್ಪ ಕೋಟಿನ ಮೇಲೆ, ಕೈಗವಸು ಹಾಕಿಕೊಂಡು, ಮರದ ಮೇಲೆ ನಿಂತು ಅಗಲಿಸುವುದು ಕಷ್ಟ. ನಡೆಯುವಾಗ ಕೆಳ ಪ್ಯಾನೆಲ್ ಜಾರಿ ತೊಡೆಗೆ ಬಡಿಯುತ್ತದೆ. ಜಾಲರಿ ಬಟ್ಟೆಯದಾದರೆ ಅಕ್ಟೋಬರ್ ಸೆಖೆಗೆ ತಂಪು, ಮುಳ್ಳುಬೀಜಗಳು ಮಾತ್ರ ಬಿಡದೆ ಅಂಟುತ್ತವೆ.

ನಾಲ್ಕೈದು ಗಂಟೆ ಕೂರುವ ಬೆಳಗಿನ ಬೇಟೆ ಗಮನದಲ್ಲಿಟ್ಟು ಎರಡು ಪ್ಯಾನೆಲ್ಲಿನದನ್ನೇ ಆರಿಸಿದ್ದು. ಜಾರುವ ಸಮಸ್ಯೆಗೆ ಎರಡು ಪ್ಯಾನೆಲ್ಲುಗಳನ್ನು ಹಿಂದುಗಡೆ ಮಧ್ಯದಲ್ಲಿ ಒಂದು ಇಂಚಿನ ಎಲಾಸ್ಟಿಕ್ ತುಂಡಿನಿಂದ ಸಿಕ್ಕಿಸಿದ್ದೇನೆ. ಭಾರ ಹೊರುವ ಹೊಲಿಗೆಗೆ ಸೂಜಿ ತಾಗಿಸಿಲ್ಲ, ತಾಗಿಸಬಾರದು. ಸಾಮಾನು ಸಿಕ್ಕಿಸುವ ಖಾಲಿ ಪಟ್ಟಿಗಳಿಗೆ ಎಲಾಸ್ಟಿಕ್ ಕಟ್ಟಿದರೆ ಸಾಕು.

ಹಂತ 3. ಅಳತೆ

ಪ್ಯಾಂಟಿನ ಸೈಜು ನೋಡಿ ಆರ್ಡರ್ ಮಾಡಿದರೆ ಸಾಮಾನ್ಯವಾಗಿ ಒಂದು ಸೈಜು ಚಿಕ್ಕದು ಬರುತ್ತದೆ. ಅಳೆಯಬೇಕಾದ್ದು ನಡುವನ್ನಲ್ಲ, ಪೃಷ್ಠದ ಅತಿ ದಪ್ಪ ಭಾಗವನ್ನು, ಅದೂ ನವೆಂಬರ್ ಬಟ್ಟೆಯ ಮೇಲೆ. ತೆಳು ಪ್ಯಾಂಟಿನಲ್ಲಿ 39 ಇಂಚು ಬಂದದ್ದು ಉಣ್ಣೆ ಮತ್ತು ಹೊರ ಪ್ಯಾಂಟು ಹಾಕಿದಾಗ 42.5 ಆಯಿತು. ಚಿಕ್ಕದಾದರೆ ಬದಿಯ ಕುಣಿಕೆಗಳು ಸೊಂಟದ ಮೂಳೆಗಿಂತ ಹಿಂದೆ ನಿಂತು ಮೂಳೆಯನ್ನೇ ಹಿಂಡುತ್ತವೆ. ತೀರಾ ದೊಡ್ಡದಾದರೆ ಕುಣಿಕೆಗಳು ಹೊಟ್ಟೆಯ ಮುಂದೆ ಸೇರಿ ಬ್ರಿಡ್ಜ್ ಹೊಂದಿಸಲು ಜಾಗವೇ ಇರುವುದಿಲ್ಲ. ನೇತಾಡಿದಾಗ ಕುಣಿಕೆ ಸೊಂಟದ ಮೂಳೆಯ ಎರಡು ಬೆರಳು ಮುಂದೆ ನಿಲ್ಲಬೇಕು.

ತೊಡೆಪಟ್ಟಿಯ ವಿಷಯ. ಅದರ ಮೇಲೆ ಭಾರ ಬೀಳುವುದಿಲ್ಲ, ತಲೆಕೆಳಗಾದರೆ ಸ್ಯಾಡಲ್‌ನಿಂದ ಜಾರಿ ಹೋಗದಂತೆ ತಡೆಯುವುದಷ್ಟೇ ಕೆಲಸ. ಅಂಗೈ ಚಪ್ಪಟೆಯಾಗಿ ತೂರುವಷ್ಟು ಸಡಿಲ ಬಿಡಿ. ಬಿಗಿಯಾಗಿ ಎಳೆದವರು ಅರ್ಧ ಗಂಟೆಗೆ ಕಾಲು ಜೋಮು ಹಿಡಿದು ಸ್ಯಾಡಲ್ಲನ್ನು ಬೈಯುತ್ತಾರೆ. ಪಟ್ಟಿಯನ್ನು ತೆಗೆದೇ ಹಾಕುವವರೂ ಇದ್ದಾರೆ, ಅದು ಬೇಡವೇ ಬೇಡ.

ಹಂತ 4. ಆಗಸ್ಟ್: ನೆಲದಿಂದ ಒಂದೂವರೆ ಅಡಿ ಮೇಲೆ

ಇಡೀ ಕೆಲಸದಲ್ಲಿ ಫಲ ಸಿಗುವುದು ಇಲ್ಲೇ. ಹಿತ್ತಲಿನ 12 ಇಂಚು ವ್ಯಾಸದ ಮೇಪಲ್ ಮರಕ್ಕೆ ಪ್ಲಾಟ್‌ಫಾರ್ಮನ್ನು ನೆಲದಿಂದ 18 ಇಂಚು ಎತ್ತರದಲ್ಲಿ ಕಟ್ಟಿ ನೇತಾಡುವುದು. ಹತ್ತು ನಿಮಿಷಕ್ಕೆ ಎಲ್ಲ ಸ್ಯಾಡಲ್ಲೂ ಹಿತವೇ. ನೋವು ಶುರುವಾಗುವುದು ಮುಕ್ಕಾಲು ಗಂಟೆ ದಾಟಿದ ಮೇಲೆ. ಆದ್ದರಿಂದ ಪ್ರತಿ ಅಳತೆಯಲ್ಲೂ ಕನಿಷ್ಠ ಒಂದು ಗಂಟೆ ಇಳಿಯದೆ ಕೂರಬೇಕು, ಮತ್ತು ಒಮ್ಮೆಗೆ ಒಂದೇ ಅಳತೆ ಬದಲಿಸಬೇಕು. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ.

ಬ್ರಿಡ್ಜ್, ಕುಣಿಕೆಯಿಂದ ಕುಣಿಕೆಗೆ 24 ಇಂಚು: ಕಾಲು ಗಂಟೆಯಲ್ಲಿ ಸೊಂಟದ ಎರಡೂ ಬದಿ ಚಿವುಟುತ್ತದೆ. 28 ಇಂಚು: ಚಿವುಟುವುದು ಕಡಿಮೆಯಾಗಿ, ಒಂದು ಗಂಟೆಯ ಹೊತ್ತಿಗೆ ಮತ್ತೆ ಕಾಣಿಸುತ್ತದೆ. 32 ಇಂಚು: ಸೊಂಟ ಪೂರ್ತಿ ಹಗುರ, ತಿರುಗಲು ಸಲೀಸು. ಆದರೆ ಕಾಲು ತಪ್ಪಿ ಪೂರ್ತಿ ನೇತಾಡಿದರೆ ಟೆದರ್ ಮೇಲೆ ಸರಿಸಿ ಉದ್ದ ಹೊಂದಿಸುವ ಗಂಟು ಕೈಗೆ ಸಿಗುವುದಿಲ್ಲ. ಅದು ಸಿಗದಿದ್ದರೆ ನಿಮ್ಮನ್ನು ನೀವೇ ಮೇಲೆತ್ತಿಕೊಳ್ಳುವ ದಾರಿ ಮುಚ್ಚಿತು. ಕೊನೆಗೆ ನಿಲ್ಲಿಸಿದ್ದು 30 ಇಂಚಿಗೆ.

ಗಿಡ್ಡ ಬ್ರಿಡ್ಜ್ ಯಾಕೆ ಹಿಂಡುತ್ತದೆ ಎಂದರೆ, ಹಗ್ಗದ ಎರಡು ತೋಳು ಹೆಚ್ಚು ಅಗಲಿಸಿ ನಿಂತು ಕುಣಿಕೆಗಳನ್ನು ಒಳಕ್ಕೆ ಎಳೆಯುತ್ತವೆ. ಕುಣಿಕೆಗಳ ನಡುವೆ 14 ಇಂಚು ಅಂತರವಿದ್ದು 170 ಪೌಂಡ್ ಪೂರ್ತಿ ನೇತಾಡಿದರೆ, 24 ಇಂಚಿನ ಬ್ರಿಡ್ಜ್ ಒಂದೊಂದು ಬದಿಯನ್ನೂ ಸುಮಾರು 60 ಪೌಂಡ್ ಬಲದಿಂದ ಒಳಗೆ ದೂಡುತ್ತದೆ, 32 ಇಂಚಿನದು ಸುಮಾರು 40. ಪ್ಯಾಡಿಂಗ್ ಎಷ್ಟೇ ದಪ್ಪ ಇರಲಿ, ಈ ಇಪ್ಪತ್ತು ಪೌಂಡನ್ನು ಅದು ಕಡಿಮೆ ಮಾಡಲಾರದು. ಅದಕ್ಕೇ ಉದ್ದ ಬದಲಿಸಲಾಗದ ಬ್ರಿಡ್ಜ್ ಇರುವ ಸ್ಯಾಡಲ್ಲನ್ನು, ಉಳಿದಂತೆ ಎಷ್ಟೇ ಒಳ್ಳೆಯದಿದ್ದರೂ, ಕೊಳ್ಳಬೇಡಿ ಎನ್ನುತ್ತೇನೆ.

ಟೆದರ್ ಎತ್ತರ: ಪ್ಲಾಟ್‌ಫಾರ್ಮ್ ಮೇಲೆ ನೆಟ್ಟಗೆ ನಿಂತಾಗ ಹಣೆಯ ಮಟ್ಟಕ್ಕೆ ಕಟ್ಟಿ ಶುರುಮಾಡಿ. ಅಲ್ಲಿಂದ ಎರಡೆರಡು ಇಂಚು ಮೇಲೆ ಕೆಳಗೆ. ಮೇಲೆ ಹೋದಷ್ಟೂ ಹಗ್ಗ ನೆಟ್ಟಗಾಗಿ ಮೊಣಕಾಲ ಮೇಲಿನ ಒತ್ತಡ ಇಳಿಯುತ್ತದೆ, ಆದರೆ ಹಗ್ಗ ಉದ್ದವಾಗಿ ದೇಹ ಅತ್ತಿತ್ತ ತೂಗುತ್ತದೆ, ಹೆದೆ ಎಳೆಯುವಾಗ ಹಗ್ಗ ಮುಖಕ್ಕೇ ಅಡ್ಡ ಬರುತ್ತದೆ. ಕೆಳಗಿಳಿಸಿದರೆ ಅಲುಗಾಟ ಕಡಿಮೆ, ಮೊಣಕಾಲು ಕಾಂಡಕ್ಕೆ ಒತ್ತಿ ಚಿಪ್ಪು ನೋಯುತ್ತದೆ. ಹಣೆಗಿಂತ 3 ಇಂಚು ಮೇಲೆ ನಿಂತದ್ದು ಕೂರುವುದಕ್ಕೂ ವಾಲುವುದಕ್ಕೂ ಒಗ್ಗಿತು. ಮಂಡಿ ಪ್ಯಾಡ್ ಎರಡೂ ಕಾಲಿಗೆ ಬೇಕು. ಒಂದು ಪ್ಯಾಡನ್ನು ಮರಕ್ಕೆ ಕಟ್ಟಿಕೊಳ್ಳುವ ಉಪಾಯವೂ ಉಂಟು, ಆದರೆ ತಿರುಗಿದ ತಕ್ಷಣ ಮಂಡಿ ಪ್ಯಾಡಿನಿಂದ ಹೊರಗೆ ಹೋಗುತ್ತದೆ.

ಬೆನ್ನುಪಟ್ಟಿಯನ್ನು ಮೊದಲು ಸೊಂಟದ ಮಟ್ಟಕ್ಕೆ ಹಾಕಿದ್ದು ಪ್ರಯೋಜನಕ್ಕೆ ಬರಲಿಲ್ಲ, ಅಲ್ಲಿ ಸ್ಯಾಡಲ್ಲೇ ಇದೆ. ಭುಜದ ಮೂಳೆಯ ಕೆಳ ಅಂಚಿಗೆ ಏರಿಸಿದ ಮೇಲೆ ಹೊಟ್ಟೆಯ ಸ್ನಾಯುಗಳಿಗೆ ಬಿಡುವು ಸಿಕ್ಕಿತು. ಇದು ಹಿತಕ್ಕೆ ಮಾತ್ರ. ಜೀವ ಹಿಡಿಯುವ ಸಾಮಾನಿನ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 5. ಹಗ್ಗ, ಗಂಟು, ಕೊಂಡಿ

ಟೆದರ್: 11 ಮಿ.ಮೀ. ದಪ್ಪ, 8 ಅಡಿ, ಒಂದು ತುದಿಯಲ್ಲಿ ಹೊಲಿದ ಕಣ್ಣು. ಮರ ಸುತ್ತಿ ಆ ಕಣ್ಣಿನೊಳಗೇ ಹಗ್ಗ ತೂರಿಸಿ ಜೀರುಗುಣಿಕೆ ಮಾಡಿ ಎಳೆದರೆ ಭಾರ ಬಿದ್ದಷ್ಟೂ ಬಿಗಿಯುತ್ತದೆ. ಇನ್ನೊಂದು ತುದಿಗೆ ದಪ್ಪ ತಡೆಗಂಟು ಕಡ್ಡಾಯ, ಇಲ್ಲವಾದರೆ ಪ್ರೂಸಿಕ್, ಅಂದರೆ ಟೆದರ್ ಮೇಲೆ ಸರಿದು ಭಾರ ಬಿದ್ದಾಗ ಕಚ್ಚುವ ಆ ಗಂಟು, ಜಾರಿ ಹಗ್ಗದಿಂದ ಕಳಚಿಯೇ ಹೋದೀತು.

ಪ್ರೂಸಿಕ್ ಗಂಟಿಗೆ 7 ಅಥವಾ 8 ಮಿ.ಮೀ. ಹುರಿ, ಮೂರು ಸುತ್ತು. ಹುರಿಯ ದಪ್ಪ ಮುಖ್ಯ ಹಗ್ಗದ ಶೇ. 60ರಿಂದ 80ರ ಒಳಗಿರಬೇಕು. ದಪ್ಪವಾದರೆ ಕಚ್ಚುವುದಿಲ್ಲ, ತೀರಾ ತೆಳುವಾದರೆ ಬಿಡಿಸಲು ಬಾರದು. ಸುತ್ತುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ಕೂತಿರಬೇಕು. ಕತ್ತಲಲ್ಲಿ ಕಣ್ಣಿಗಿಂತ ಹೆಬ್ಬೆರಳಿನಿಂದ ತಡವಿ ನೋಡುವ ಅಭ್ಯಾಸ ಒಳ್ಳೆಯದು.

ಬ್ರಿಡ್ಜ್‌ಗೆ 5/16 ಇಂಚಿನ ಆಮ್‌ಸ್ಟೀಲ್ ಎಂಬ ಸಿಂಥೆಟಿಕ್ ನೂಲಿನ ಹಗ್ಗ ಹಾಕಿದೆ. ಬಲದಲ್ಲಿ ಅದಕ್ಕೆ ಸಾಟಿಯಿಲ್ಲ, ನುಣುಪಿನಲ್ಲೂ ಇಲ್ಲ. ಆ ನೂಲಿನದೇ ತುಂಡಿನಿಂದ ಪ್ರೂಸಿಕ್ ಕಟ್ಟಿದರೆ ಭಾರ ಬಿದ್ದಾಗ ನಿಧಾನವಾಗಿ ಜಾರುತ್ತದೆ, ಬಿಸಿಯಾದರೆ ಆ ನೂಲು ಬಲು ಬೇಗ ಕರಗುತ್ತದೆ. ಹೊಂದಿಸುವ ಗಂಟಿಗೆ ಪಾಲಿಯೆಸ್ಟರ್ ಅಥವಾ ಬಿಸಿ ತಾಳುವ ಅರಾಮಿಡ್ ನೂಲಿನ ಕವಚದ ಹುರಿಯೇ ಬೇಕು.

ಟೆದರ್ ಮೇಲೆ ಒಂದು ಕೈಯಲ್ಲಿ ಸರಿಸಲು ಲೋಹದ ಅಸೆಂಡರ್ ಬಲು ಅನುಕೂಲ, ಗಂಟಿನಂತೆ ಎರಡು ಕೈ ಬೇಡ. ಆದರೆ ಹಲ್ಲಿರುವ ಅಸೆಂಡರ್ ಜಗ್ಗಿದ ಏಟಿಗೆ ಹಗ್ಗದ ಹೊರಕವಚವನ್ನೇ ಸುಲಿಯಬಲ್ಲದು. ಹಗ್ಗದಲ್ಲಿ ಸಡಿಲ ಇರಕೂಡದು, ಮೇಲೆ ಹತ್ತಿ ನಿಂತಷ್ಟೂ ಗಂಟನ್ನೂ ಮೇಲೆ ತಳ್ಳಬೇಕು. ಅಸೆಂಡರ್ ಮೇಲೆ ಎಷ್ಟು ಮಿ.ಮೀ. ಹಗ್ಗಕ್ಕೆ ಎಂದು ಅಚ್ಚು ಹಾಕಿರುತ್ತದೆ. 10ರಿಂದ 13 ಎಂದಿದ್ದರೆ 8 ಮಿ.ಮೀ. ಹಗುರ ಹಗ್ಗಕ್ಕೆ ಅದನ್ನು ಹಾಕಲೇಬೇಡಿ. ತೂಕ ಉಳಿಸಲು ಹಗ್ಗ ಬದಲಿಸಿ ಅಸೆಂಡರ್ ಹಳೆಯದನ್ನೇ ಇಟ್ಟುಕೊಳ್ಳುವುದು ಸ್ಯಾಡಲ್ ಬೇಟೆಯಲ್ಲಿ ಆಗಾಗ ಕಾಣುವ ಅಪಾಯದ ತಪ್ಪು.

ಕ್ಯಾರಬೀನರ್ 22 ಕಿಲೋನ್ಯೂಟನ್ ಅಥವಾ ಹೆಚ್ಚು ಬಲ ತಾಳುವ, ತಾನೇ ಲಾಕ್ ಆಗುವಂಥದು. ತಿರುಪಿನ ಲಾಕ್ ಹಿಮಕ್ಕೆ ಕಚ್ಚಿಕೊಳ್ಳುತ್ತದೆ, ಹಾಕಲು ಮರೆತೂ ಹೋಗುತ್ತದೆ. ಲೋಹ ಲೋಹಕ್ಕೆ ತಾಗಿ ಬರುವ ಟಿಣ್ ಸದ್ದಿಗೆ ಬೆನ್ನಿನ ಭಾಗಕ್ಕೆ ಬಟ್ಟೆ ಟೇಪು ಸುತ್ತಿದರೆ ಸಾಕು. ಕೊಂಡಿಯ ತೆರೆಯುವ ಬಾಗಿಲಿನ ಹತ್ತಿರ ಟೇಪು ಬರಬಾರದು.

ಹಂತ 6. ಕಾಲಡಿ

12 ರಿಂದ 14 ಇಂಚು ಅಗಲದ ಪ್ಲಾಟ್‌ಫಾರ್ಮ್ ಸಾಕು. ಅಂಗಾಲಿನ ಕಮಾನು ಅಂಚಿನ ಮೇಲೆ ಬಂದರೆ ಗಟ್ಟಿ ಅಟ್ಟೆಯ ಬೂಟಿದ್ದರೂ ಎರಡು ಗಂಟೆಯಲ್ಲಿ ಸುಡುವ ನೋವು. ಮುಂಗಾಲು ಅಂಚಿಗೆ ಬರುವಂತೆ ನಿಲ್ಲಬೇಕು. ಪ್ಲಾಟ್‌ಫಾರ್ಮ್ ಬದಲು ಕಾಂಡದ ಸುತ್ತ ಪಟ್ಟಿಗೆ ಐದಾರು ಪುಟ್ಟ ಮೆಟ್ಟಿಲು ಕಟ್ಟುವ ಪದ್ಧತಿಯೂ ಇದೆ. ಮರದ ಸುತ್ತ ನಡೆದಾಡಲು ಅದು ಬಹಳ ಒಳ್ಳೆಯದು, ಕಾಲಿಗೆ ಹಿತ ಕಡಿಮೆ. ಎರಡೂ ಸೇರಿಸಿ, ಪ್ಲಾಟ್‌ಫಾರ್ಮಿನ ಬಲಬದಿಗೆ ಒಂದೇ ಒಂದು ಮೆಟ್ಟಿಲು ಹೆಚ್ಚುವರಿ ಕಟ್ಟಿದ್ದೇನೆ. ಅದರ ಉಪಯೋಗ ಮುಂದಿನ ಹಂತದಲ್ಲಿ.

ಪಟ್ಟಿ ಬಿಗಿದ ಮೇಲೆ ಪ್ಲಾಟ್‌ಫಾರ್ಮನ್ನು ಕೆಳಕ್ಕೆ ತುಳಿದು ಹಲ್ಲುಗಳು ತೊಗಟೆಗೆ ಕಚ್ಚುವಂತೆ ಕೂರಿಸಬೇಕು. ಬೀಚ್ ಮರದ ನುಣುಪು ತೊಗಟೆ ಒದ್ದೆಯಾದಾಗ ಅದು ಪಕ್ಕಕ್ಕೆ ಜಾರುತ್ತದೆ. ಒಂದು ಬದಿಯ ಅಂಚಿಗೆ ಪೂರ್ತಿ ಭಾರ ಹಾಕಿ ಪರೀಕ್ಷಿಸದೆ ಮೇಲೆ ಹೋಗಬೇಡಿ.

ಹಂತ 7. ಸೆಪ್ಟೆಂಬರ್: ಬಿಲ್ಲಿನೊಂದಿಗೆ

ಎರಡು ತುದಿಗೂ ಚಕ್ರವಿರುವ ಕಾಂಪೌಂಡ್ ಬಿಲ್ಲು ಗಿಡ್ಡವಿದ್ದಷ್ಟೂ ಅನುಕೂಲ. 31 ಇಂಚಿನದರ ಕೆಳ ಚಕ್ರ ಕೂತಲ್ಲಿ ತೊಡೆಗೆ ತಾಗದಂತೆ ಎಳೆಯಲು ಸೊಂಟವನ್ನು ಮರದಿಂದ ದೂರ ತಳ್ಳಬೇಕಾಗುತ್ತದೆ. ಬತ್ತಳಿಕೆಯನ್ನು ಬಿಲ್ಲಿನಿಂದ ಬಿಚ್ಚಿ ಮರಕ್ಕೆ ತೂಗುಹಾಕಿ.

ಮರವನ್ನು ಗಡಿಯಾರದ 12 ಎಂದುಕೊಳ್ಳಿ, ನೀವು ಅದಕ್ಕೆ ಮುಖ ಮಾಡಿದ್ದೀರಿ. ಬಲಗೈ ಬಿಲ್ಲುಗಾರನಿಗೆ 7ರಿಂದ 10ರವರೆಗೆ ಸಲೀಸು. ಜಿಂಕೆಯ ಜಾಡು ಆ ಕಡೆಗೆ ಬೀಳುವಂತೆ ಮರದ ಯಾವ ಬದಿಗೆ ಹತ್ತಬೇಕು ಎಂದು ನೆಲದಲ್ಲೇ ನಿರ್ಧರಿಸಬೇಕು. ಕಷ್ಟ ಇರುವುದು 2ರಿಂದ 4ರ ಕಡೆ. ಅಲ್ಲಿಗೆ ಗುರಿಯಿಡಲು ಬೆನ್ನು ಮರಕ್ಕೆ ಬರುವಷ್ಟು ತಿರುಗಬೇಕು, ಕ್ಯಾರಬೀನರ್ ಬ್ರಿಡ್ಜ್ ಮೇಲೆ ಸರಿದು ಒಂದು ಸೊಂಟದ ಪಕ್ಕಕ್ಕೆ ಬರಬೇಕು. 24 ಇಂಚಿನ ಬ್ರಿಡ್ಜ್‌ನಲ್ಲಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, 30ರಲ್ಲಿ ಪೂರ್ತಿ ಬರುತ್ತದೆ. ಬಲಗಾಲನ್ನು ಆ ಹೆಚ್ಚುವರಿ ಮೆಟ್ಟಿಲಿಗಿಟ್ಟು, ಬಿಲ್ಲನ್ನು ಟೆದರ್ ಮೇಲಿಂದ ದಾಟಿಸಿ, ಆಮೇಲೆ ಎಳೆಯುವುದು. ಹಿತಕ್ಕೆಂದು ಉದ್ದ ಮಾಡಿದ ಬ್ರಿಡ್ಜ್ ಓಡಾಟಕ್ಕೂ ಒದಗುವುದು ಹೀಗೆ. ಎರಡಕ್ಕೂ ಮಿತಿ ಹಾಕುವುದು ಕೈಗೆ ಗಂಟು ಸಿಗಬೇಕೆಂಬ ಷರತ್ತು.

18 ಅಡಿ ಮೇಲಿನಿಂದ 20 ಗಜದ ಓರೆ ದೂರವೆಂದರೆ ನೆಲದ ಮೇಲೆ 19 ಗಜ ಚಿಲ್ಲರೆ. ದೂರದ ತಿದ್ದುಪಡಿ ನಗಣ್ಯ. ಬಾಣ ತಪ್ಪುವುದು ಸೊಂಟದಿಂದ ಬಾಗದೆ ಬಿಲ್ಲು ಹಿಡಿದ ತೋಳನ್ನಷ್ಟೇ ಕೆಳಗಿಳಿಸಿದಾಗ. ಹೆದೆ ಎಳೆಯುವಾಗ ಸ್ಯಾಡಲ್‌ಗೆ ಭಾರ ಬಿಟ್ಟು, ಭುಜ ಮತ್ತು ತೋಳು ಒಂದೇ ಗೆರೆಯಲ್ಲಿ ಇಟ್ಟು, ಸೊಂಟದಿಂದ ಬಾಗಿ.

ಹಂತ 8. ಅಕ್ಟೋಬರ್: ಮರ ಹತ್ತುವುದು

10ರಿಂದ 16 ಇಂಚು ವ್ಯಾಸದ ಜೀವಂತ ಓಕ್ ಅಥವಾ ಮೇಪಲ್ ಸಿಕ್ಕಿದರೆ ಬೇರೆ ಹುಡುಕಬೇಡಿ. ಶಾಗ್‌ಬಾರ್ಕ್ ಹಿಕರಿಯ ಎದ್ದ ತೊಗಟೆ ಸ್ಟಿಕ್ ಸಮೇತ ಕಿತ್ತುಬರುತ್ತದೆ. ಆಶ್ ಮರವನ್ನು ಮುಟ್ಟಲೇಬೇಡಿ. 2002ರಲ್ಲಿ ಇದೇ ರಾಜ್ಯದಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಕೊರೆಹುಳು ಅವನ್ನು ಕೊಂದಿದೆ, ನಿಂತಂತೆ ಕಾಣುವ ಒಣ ಆಶ್ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ಅಕ್ಟೋಬರ್ ಕೊನೆಗೆ ಎಲೆ ಉದುರಿದ ಮೇಲೆ ಜೀವವಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಆದ್ದರಿಂದ ಮರಗಳನ್ನು ಸೆಪ್ಟೆಂಬರ್‌ನಲ್ಲೇ ನೋಡಿಟ್ಟುಕೊಳ್ಳಿ.

ನೆಲ ಬಿಡುವ ಮೊದಲೇ ಲೈನ್‌ಮನ್ ಹಗ್ಗ ಮರದ ಸುತ್ತ ಬಂದು ಸ್ಯಾಡಲ್ಲಿನ ಎರಡು ಬದಿ ಕುಣಿಕೆಗೆ ಸಿಕ್ಕಿರಬೇಕು. ಕೊಂಬೆ ಅಡ್ಡ ಬಂದರೆ ಮೊದಲು ಟೆದರನ್ನು ಕೊಂಬೆಯ ಮೇಲೆ ಕಟ್ಟಿ ಭಾರ ಹಾಕಿ, ಆಮೇಲೆ ಲೈನ್‌ಮನ್ ಹಗ್ಗ ಬಿಚ್ಚಿ ದಾಟಿಸಿ. ತುದಿಯಲ್ಲೂ ಅದೇ ಕ್ರಮ: ಟೆದರ್ ಕಟ್ಟಿ, ಬ್ರಿಡ್ಜ್ ಸಿಕ್ಕಿಸಿ, ಜಗ್ಗಿ ನೋಡಿ, ಆಮೇಲೆ ಮಾತ್ರ ಲೈನ್‌ಮನ್ ಹಗ್ಗ ಬಿಚ್ಚುವುದು. ಇಳಿಯುವಾಗ ತಿರುಗುಮುರುಗು. ದಣಿದು, ಚಳಿಗೆ ಬೆರಳು ಮರಗಟ್ಟಿ, ಕತ್ತಲಲ್ಲಿ ಇಳಿಯುವಾಗಲೇ ಈ ಕ್ರಮ ತಪ್ಪುವುದು.

ಬಲ ಜೇಬಿನಲ್ಲಿ ಒಂದು ಕಾಲುಕುಣಿಕೆ ಪಟ್ಟಿ ಯಾವಾಗಲೂ ಇರಲಿ. ಪ್ಲಾಟ್‌ಫಾರ್ಮ್ ಜಾರಿ ನೇತಾಡುವ ಸ್ಥಿತಿ ಬಂದರೆ ಅದನ್ನು ಟೆದರ್‌ಗೆ ಕಟ್ಟಿ, ಕಾಲಿಟ್ಟು ಎದ್ದು ನಿಂತರೆ ತೊಡೆಯ ರಕ್ತಸಂಚಾರ ನಿಲ್ಲುವುದಿಲ್ಲ, ಸ್ಟಿಕ್ಕಿಗೂ ಕಾಲು ಸಿಗುತ್ತದೆ. ಹಿತ್ತಲಲ್ಲಿ ಇದನ್ನು ಮಾಡಿ ನೋಡದೆ ಕಾಡಿಗೆ ಹೋಗಬೇಡಿ. ಸ್ಯಾಡಲ್ ಕೊಂಡವರಿಗೆಲ್ಲ ನಾನು ಒತ್ತಿ ಹೇಳುವ ಒಂದೇ ಮಾತು ಇದು.

ಹಂತ 9. ನವೆಂಬರ್: ಎಲ್ಲ ಅಳತೆ ಮತ್ತೊಮ್ಮೆ

ದಪ್ಪ ಬಟ್ಟೆ ಬಂದ ಮೇಲೆ ಆಗಸ್ಟಿನ ಲೆಕ್ಕ ಕೆಡುತ್ತದೆ. ಸೊಂಟಪಟ್ಟಿ ಎರಡು ಇಂಚು ಸಡಿಲ, ಬ್ರಿಡ್ಜ್ 30ರಿಂದ 31ಕ್ಕೆ. ಕೋಟಿನ ಅಂಚು ಸ್ಯಾಡಲ್ಲಿನೊಳಗೆ ಸಿಕ್ಕಿಕೊಂಡು ಸುಕ್ಕುಗಟ್ಟಿದರೆ ಆ ಸುಕ್ಕೇ ಕಲ್ಲಿನಂತೆ ಒತ್ತುತ್ತದೆ, ಆದ್ದರಿಂದ ಗಿಡ್ಡ ಕೋಟು, ಅಥವಾ ಕೋಟನ್ನು ಸ್ಯಾಡಲ್ ಮೇಲೆ ಬಿಡುವುದು. ಬೆವರದಿರಲು ದಪ್ಪ ಬಟ್ಟೆಯನ್ನು ಗಂಟಿನಲ್ಲೇ ಒಯ್ದು ಮೇಲೆ ಹೋದ ಮೇಲೆ ತೊಡುವ ರೂಢಿ ಒಳ್ಳೆಯದೇ, ಆದರೆ ಸ್ಯಾಡಲ್ ಬಿಚ್ಚದೆ ತೊಡಬಹುದಾದ, ಪಕ್ಕಕ್ಕೆ ಪೂರ್ತಿ ಜಿಪ್ ಇರುವ ಪ್ಯಾಂಟು ಬೇಕು. ಮರದ ಮೇಲೆ ಸ್ಯಾಡಲ್ ಬಿಚ್ಚುವ ಮಾತೇ ಇಲ್ಲ.

ಮಳೆಗೆ ನೆನೆದು ಹೆಪ್ಪುಗಟ್ಟಿದ ಹಗ್ಗದಲ್ಲಿ ಪ್ರೂಸಿಕ್ ಸರಿಯುವುದೇ ಇಲ್ಲ. ಹಗ್ಗಗಳನ್ನು ಮನೆಯೊಳಗೆ, ಹೀಟರಿನಿಂದ ದೂರ, ನೆರಳಲ್ಲಿ ಒಣಗಿಸಬೇಕು. ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಬೆಳಗಿನ ಜಾವ ಕೋಲಿನಂತಿರುತ್ತವೆ.

ನವೆಂಬರ್ 14ರ ನಂತರದ ಬಿಡುವಿನಲ್ಲಿ ಆಗಬೇಕಾದ್ದು: ಟೆದರನ್ನು ಇಂಚು ಇಂಚಾಗಿ ಬೆರಳಲ್ಲಿ ಬಾಗಿಸಿ ನೋಡುವುದು, ಎಲ್ಲಾದರೂ ಮೆತ್ತಗಾಗಿ ಚಪ್ಪಟೆಯಾದರೆ ತಿರುಳು ಹೋಗಿದೆ ಎಂದರ್ಥ. ಪ್ರೂಸಿಕ್ ಹುರಿ ಹೊಳಪು ಬಂದು ಬಿರುಸಾಗಿದೆ, ಅದನ್ನು ಬದಲಿಸಬೇಕು, ಎಂಟು ಡಾಲರಿನ ಮಾತು. ಬಲ ಮಂಡಿಯ ಪ್ಯಾಡು ದಪ್ಪ ಪ್ಯಾಂಟಿನ ಮೇಲೆ ಇನ್ನೂ ಕೆಳಕ್ಕೆ ಜಾರುತ್ತಿದೆ. ಅದರ ಮೇಲಿನ ಪಟ್ಟಿಯನ್ನು ಸ್ಯಾಡಲ್ಲಿನ ತೊಡೆಪಟ್ಟಿಗೆ ಒಂದು ಚಿಕ್ಕ ಎಲಾಸ್ಟಿಕ್ ಕೊಂಡಿಯಿಂದ ತೂಗುಹಾಕಿ ಡಿಸೆಂಬರ್ 1ಕ್ಕೆ ಮೊದಲು ನೋಡಬೇಕು.